ಬಂಡಳ್ಳಿಯಿಂದ ಮಾದಪ್ಪನ ಮಲೆಗೆ

ಕೊಳ್ಳೇಗಾಲದಿಂದ ಪೂರ್ವಾಭಿಮುಖವಾಗಿ ಸುಮಾರು 25 ಕಿಲೋಮೀಟರು ಸಾಗಿದರೆ ಹನೂರು ದೊರೆಯುತ್ತದೆ. ಅಲ್ಲಿ ಬೆಟ್ಟದ ಹೆದ್ದಾರಿಯನ್ನು ಬಿಟ್ಟು ಕಾವೇರಿಯ ಕಡೆಗೆ ತಿರುಗಿದರೆ ನಮ್ಮ ಬಂಡಳ್ಳಿ, ಅದರಾಚೆ ಶಾಗ್ಯ, ಶಾಗ್ಯದಾಚೆ ಕಾಡು, ಕಾಡಿನಾಚೆ ಹೊಳೆ. ಮಳೆಯನ್ನೇ ನಂಬಿದ ಹೊಲಗಳು, ರಾಗಿ, ಹುರುಳಿ, ಮುಸುಕಿನ ಜೋಳದ ಬೆಳೆಗಳು, ಆನೆ ಇಳಿದೀತೆಂದು ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಎಚ್ಚರವಿರುವ ರೈತರು. ಹೊರಗಿನವರು ಕೇಳಿ ಬಲ್ಲ ಊರಲ್ಲ. ಆದರೆ ವರ್ಷಕ್ಕೊಮ್ಮೆ, ಮಹಾಶಿವರಾತ್ರಿಯ ಆಸುಪಾಸಿನಲ್ಲಿ, ನಮ್ಮ ಸೀಮೆಯ ಹಾದಿಗಳು ಮೈತುಂಬಿಕೊಳ್ಳುತ್ತವೆ. ಮಂಡ್ಯ, ರಾಮನಗರ, ಚನ್ನಪಟ್ಟಣ, ಕನಕಪುರಗಳ ಭಕ್ತರು ಹೆಗಲಿಗೆ ಚೀಲ ಏರಿಸಿ, ಸಂಗಮದ ಕಡೆಯಿಂದ ಕಾವೇರಿಯನ್ನು ದಾಟಿ, ಕಾಡನ್ನು ಹಾದು ಶಾಗ್ಯದ ಬಳಿ ಊರುಗಳನ್ನು ಸೇರುತ್ತಾರೆ. ಅವರ ಕಾಲಿನ ಧೂಳು ನಮ್ಮ ಜಗುಲಿಗಳ ಮೇಲೆ ಕೂರುತ್ತದೆ. ಅದನ್ನು ಗುಡಿಸುವಾಗ ನಮ್ಮ ಅಜ್ಜಿ "ಮಾದಪ್ಪನ ಧೂಳ್ತ" ಎನ್ನುತ್ತಿದ್ದರು.

ಬಂಡಳ್ಳಿಯು ಇದ್ದಲ್ಲೇ ಇದ್ದು ಹಲವು ವಿಳಾಸಗಳನ್ನು ಕಂಡ ಊರು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆಗೆ ಬಂದಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. 2018ರಲ್ಲಿ ಹನೂರೇ ತಾಲ್ಲೂಕು ಕೇಂದ್ರವಾಯಿತು. ಕಂದಾಯದ ಕಾಗದ ಕೊಯಮತ್ತೂರಿಗೆ ಹೋದ ಕಾಲದಲ್ಲಿಯೂ ನಮ್ಮ ಹಿರಿಯರ ಕಾಲು ಹೋಗುತ್ತಿದ್ದದ್ದು ಬೆಟ್ಟದ ಕಡೆಗೇ. ಹಾದಿಯ ದಿಕ್ಕನ್ನು ಯಾವ ಸರ್ಕಾರವೂ ಬದಲಿಸಲಿಲ್ಲ.

ಈ ಹಾದಿಯ ಬಗ್ಗೆ ಬರೆಯಬೇಕೆಂಬ ಪ್ರೇರಣೆ ಒದಗಿದ್ದು ಒಂದು ವಿಚಿತ್ರ ಪ್ರಶ್ನೆಯಿಂದ. 2025ರ ಮಹಾಶಿವರಾತ್ರಿ ಫೆಬ್ರವರಿ 26ರಂದು ಬಂದಿತ್ತು. ಅದಕ್ಕೆ ಒಂದು ವಾರ ಮುಂಚೆ ನನ್ನ ಅಕ್ಕನ ಮೊಮ್ಮಗ ಬೆಂಗಳೂರಿನಿಂದ ಬಂದ. ಕಂಪ್ಯೂಟರ್ ಕೆಲಸದ ಹುಡುಗ, ಇಪ್ಪತ್ತಾರರ ಪ್ರಾಯ. ಜಗುಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತ ಕೇಳಿದ: "ತಾತ, ಬಂಡಳ್ಳಿಯಿಂದ ಬೆಟ್ಟಕ್ಕೆ ಒಂದೇ ದಿನದಲ್ಲಿ ಓಡಿಕೊಂಡು ಹೋಗಬಹುದಾ?"

ನನಗೆ ಸಿಟ್ಟು ಬಂದಿತೆಂದು ಒಪ್ಪಿಕೊಳ್ಳುತ್ತೇನೆ. "ಮಾದಪ್ಪ ಎಲ್ಲಿಗಾದರೂ ಓಡಿಹೋಗುತ್ತಾನೇನಪ್ಪ, ನೀನು ಓಡಿಹೋಗಿ ಹಿಡಿಯುವುದಕ್ಕೆ?" ಎಂದುಬಿಟ್ಟೆ. ಹುಡುಗ ನಕ್ಕ, ಬೇಸರಿಸಲಿಲ್ಲ. ತಾನು ಮೂರು ವರ್ಷದಿಂದ ಈ ಓಟ ಅಭ್ಯಾಸ ಮಾಡುತ್ತಿರುವುದಾಗಿಯೂ, ಅದಕ್ಕೆ ಟ್ರೈಲ್ ರನ್ನಿಂಗ್ ಎನ್ನುವರೆಂದೂ ಹೇಳಿದ. ಮೈದಾನದಲ್ಲಿ ಸುತ್ತು ಹಾಕುವುದಲ್ಲ, ಪೇಟೆಯ ರಸ್ತೆಯ ಓಟವೂ ಅಲ್ಲ. ಗುಡ್ಡ, ಕಣಿವೆ, ಕಡಲದಂಡೆ, ಕಾಡುಗಳ ಕಾಲುದಾರಿಯಲ್ಲಿ ಓಡುವುದು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಇಂಥ ದೂರದ ಓಟಗಳು ನಡೆಯುತ್ತವೆಂದೂ, ಯೂರೋಪಿನ ಮಾಂಟ್ ಬ್ಲಾಂಕ್ ಪರ್ವತವನ್ನು ಸುತ್ತಿ ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ದೇಶಗಳನ್ನು ಹಾಯುವ ಸುಮಾರು 170 ಕಿಲೋಮೀಟರಿನ ಓಟವೊಂದು 2003ರಿಂದ ನಡೆಯುತ್ತಿದೆಯೆಂದೂ ವಿವರಿಸಿದ. ಅಲ್ಲಿ ಏರಬೇಕಾದ ಏರುಗಳನ್ನೆಲ್ಲ ಕೂಡಿದರೆ ಸುಮಾರು 10,000 ಮೀಟರು ಆಗುತ್ತದಂತೆ. ನಮ್ಮ ಮಲೆ ಮಹದೇಶ್ವರ ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 3,000 ಅಡಿ. ಎಂದರೆ ಸಾವಿರ ಮೀಟರಿಗೂ ಕಡಿಮೆ. ಹುಡುಗನಿಗೆ ಬೆಟ್ಟ ಚಿಕ್ಕದಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

"ಆ ದಾರಿಗಳನ್ನು ಮಾಡಿದವರು ಯಾರು?" ಎಂದು ಕೇಳಿದೆ. ಅವನು ಯೋಚಿಸಿರಲಿಲ್ಲ. ಓದುಗ ಬಂಧುಗಳೂ ಕ್ಷಣಕಾಲ ಯೋಚಿಸಬೇಕು. ಓಟಗಾರನು ತಾನು ಓಡುವ ದಾರಿಯನ್ನು ತಾನೇ ಮಾಡಿದವನಲ್ಲ. ಇಂಗ್ಲೆಂಡಿನ ನೈಋತ್ಯ ಕರಾವಳಿಯುದ್ದಕ್ಕೂ ಸುಮಾರು 1,000 ಕಿಲೋಮೀಟರಿನ ಕಾಲುದಾರಿಯಿದೆ. ಕಳ್ಳಸಾಗಣೆಯನ್ನು ತಡೆಯಲು ಕಡಲ ಕಾವಲುಗಾರರು ಒಂದೊಂದು ಕೊಲ್ಲಿಯನ್ನೂ ಇಣುಕಿ ನೋಡುತ್ತ ನಡೆದು ನಡೆದು ಆದ ದಾರಿ ಅದು. ಇಂದು ಅಲ್ಲಿ ಯಾತ್ರಿಕರು ನಡೆಯುತ್ತಾರೆ, ಹುಡುಗರು ಓಡುತ್ತಾರೆ. ನಮ್ಮ ಮಲೆಯ ಹಾದಿಗಳಲ್ಲಿ ಆನೆ ಮೊದಲು ನಡೆಯಿತು. ಅದರ ಹಿಂದೆ ಸೋಲಿಗರು ಜೇನಿಗೆ, ಗೆಡ್ಡೆಗೆ ನಡೆದರು. ದನದಟ್ಟಿಯವರು ಮೇವಿಗೆ ನಡೆದರು. ಆಮೇಲೆ ಭಕ್ತರು ನಡೆದರು. ಹೀಗೆ ಮತ್ತೊಬ್ಬರ ಕಾಲಿನ ಸಾಲ ಹೊತ್ತ ನೆಲದ ಮೇಲೆ ನಾವು ಕಾಲಿಡುತ್ತೇವೆ. ಈ ಮಾತನ್ನು ಹುಡುಗನಿಗೆ ಉಪದೇಶದಂತೆ ಹೇಳಿದೆ. ಉಪದೇಶ ಹೇಳುವುದು ನಮ್ಮ ಮಠದ ಓದಿನ ಒಂದು ದೌರ್ಬಲ್ಯ.

ಅವನ ಮಾತು ನನ್ನನ್ನು ಒಂದು ಹಳೆಯ ಓದಿನತ್ತ ಒಯ್ದಿತು. ಜಪಾನಿನ ಕ್ಯೋಟೋ ನಗರದ ಬಳಿ ಹಿಯೇ ಎಂಬ ಪರ್ವತವಿದೆ. ಅಲ್ಲಿನ ತೆಂದಾಯ್ ಪಂಥದ ಬೌದ್ಧ ಸನ್ಯಾಸಿಗಳಲ್ಲಿ ಕೆಲವರು ಏಳು ವರ್ಷಗಳ ಅವಧಿಯಲ್ಲಿ ಒಟ್ಟು ಒಂದು ಸಾವಿರ ದಿನ ಆ ಪರ್ವತವನ್ನು ಸುತ್ತುವ ವ್ರತ ಹಿಡಿಯುತ್ತಾರೆ. ಹುಲ್ಲಿನ ಪಾದರಕ್ಷೆ, ಬಿಳಿಯ ಬಟ್ಟೆ, ನಡುರಾತ್ರಿಯಲ್ಲೇ ಆರಂಭ, ದಿನಕ್ಕೆ ಸುಮಾರು 30 ಕಿಲೋಮೀಟರು ಅಥವಾ ಇನ್ನೂ ಹೆಚ್ಚು. ಹೊರಗಿನವರು ಅವರನ್ನು ಓಟದ ಸನ್ಯಾಸಿಗಳೆಂದೇ ಕರೆಯುತ್ತಾರೆ. ಇದನ್ನು ಕೇಳಿ ಹುಡುಗನ ಕಣ್ಣು ಅರಳಿತು. "ಅವರು ಓಡುತ್ತಾರಾ ತಾತ, ನಡೆಯುತ್ತಾರಾ?" ಎಂದ. "ಅದು ನೋಡಿದವರಿಗೆ ಗೊತ್ತು. ಆದರೆ ದಾರಿಯಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಕಡೆ ನಿಂತು ಕೈಮುಗಿಯುತ್ತಾರೆ ಎಂಬುದು ನನಗೆ ಗೊತ್ತು" ಎಂದೆ. ಮಾತು ಅಲ್ಲಿಗೆ ನಿಂತಿತು. ಮರುದಿನ ಬೆಳಗ್ಗೆ ನಾನೇ ಒಂದು ಒಪ್ಪಂದ ಮುಂದಿಟ್ಟೆ. ನಾನು ಗ್ರಾಮದ ತಂಡದೊಡನೆ ಮೂರು ದಿನದಲ್ಲಿ ನಡೆದು ಹೋಗುವುದು. ಅವನು ಮೂರನೆಯ ದಿನ ಬೆಳಕು ಹರಿದ ಮೇಲೆ ಊರು ಬಿಟ್ಟು, ತಾಳುಬೆಟ್ಟದವರೆಗೆ ಡಾಂಬರು ರಸ್ತೆಯಲ್ಲೂ, ಅಲ್ಲಿಂದ ಮೇಲಕ್ಕೆ ಭಕ್ತರು ಹತ್ತುವ ಕಾಲುದಾರಿಯಲ್ಲೂ ಓಡುವುದು. ಕಿವಿಗೆ ಯಂತ್ರ ಸಿಕ್ಕಿಸಿಕೊಳ್ಳಕೂಡದು, ದಾರಿಯಲ್ಲಿ ಕಸ ಬಿಸಾಡಕೂಡದು, ಕಾಡಿನಲ್ಲಿ ಒಳದಾರಿ ಹಿಡಿಯಕೂಡದು. ಅವನು ಮೂರಕ್ಕೂ ಒಪ್ಪಿದ.

ನಾನು ಈ ಹಾದಿಯನ್ನು ಮೊದಲು ತುಳಿದದ್ದು 1968ರಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಅಜ್ಜನ ಬೆರಳು ಹಿಡಿದು. ಬರಿಗಾಲು. ರಾಗಿರೊಟ್ಟಿ, ಹುರುಳಿ ಚಟ್ನಿಪುಡಿಯ ಬುತ್ತಿ. ಸಾಮಾನು ಹೊತ್ತ ಒಂದು ಎತ್ತಿನ ಗಾಡಿ ಕೌದಳ್ಳಿಯವರೆಗೆ. ಇರುಳಿನಲ್ಲಿ ಕಂಸಾಳೆಯವರು ಬೆಂಕಿಯ ಸುತ್ತ ಕುಳಿತು ಮಾದಪ್ಪನ ಕಥೆ ಹಾಡುತ್ತಿದ್ದರು. ಮಹಾತ್ಮನು ಸುತ್ತೂರು ಮಠದಲ್ಲಿ ರಾಗಿ ಬೀಸಿದ್ದು, ಕುಂತೂರು ಮಠಕ್ಕೆ ಬಂದದ್ದು, ಎಪ್ಪತ್ತೇಳು ಮಲೆಗಳಿಗೆ ನಡೆದದ್ದು, ಶ್ರವಣನನ್ನು ಅಡಗಿಸಿದ್ದು, ಹುಲಿಯನ್ನೇರಿ ಮಲೆ ತಿರುಗಿದ್ದು. ಡಾ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿ ಅಚ್ಚು ಮಾಡಿಸಿದ ಮೇಲೆ ಈ ಕಾವ್ಯ ವಿದ್ವಾಂಸರ ಕೈಸೇರಿತು. ನಮಗೆ ಅದು ನಡಿಗೆಯ ಕಾವ್ಯ. ಮಾದಪ್ಪ ಒಂದು ಕಡೆ ಕುಳಿತು ಭಕ್ತರನ್ನು ಕರೆಸಿಕೊಂಡವನಲ್ಲ. ಸಂಕಮ್ಮನ ಗುಡಿಸಿಲಿಗೂ ಜುಂಜೇಗೌಡನ ಮನೆಗೂ ತಾನೇ ನಡೆದು ಹೋದವನು. ಶರಣಧರ್ಮದಲ್ಲಿ ಜಂಗಮಕ್ಕೆ ಸಂದ ಹಿರಿಮೆಯನ್ನು ನಾನು ಮಠದಲ್ಲಿ ಗ್ರಂಥಗಳಿಂದ ಕಲಿತೆ. ಅದಕ್ಕೂ ಮುಂಚೆ ಅದನ್ನು ಆ ಬೆಂಕಿಯ ಬೆಳಕಿನಲ್ಲಿ ಕೇಳಿದ್ದೆ.

ನಡುವೆ ಈ ಹಾದಿಗೆ ಕೆಟ್ಟ ಕಾಲವೂ ಬಂದಿತ್ತು. 1992ರ ಮೇ ತಿಂಗಳಲ್ಲಿ ವೀರಪ್ಪನ್ ತಂಡ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ಬಿದ್ದಿತು. ಅದೇ ಆಗಸ್ಟ್‌ನಲ್ಲಿ ಮೀಣ್ಯಂ ಬಳಿ ಪೊಲೀಸ್ ಅಧಿಕಾರಿಗಳಾದ ಹರಿಕೃಷ್ಣ, ಶಕೀಲ್ ಅಹಮದ್ ಮೊದಲಾದವರು ಬಲಿಯಾದರು. 2002ರ ಆಗಸ್ಟ್‌ನಲ್ಲಿ ಕಾಮಗೆರೆಯ ಮನೆಯಿಂದಲೇ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಒಯ್ದರು, ಡಿಸೆಂಬರ್‌ನಲ್ಲಿ ಅವರ ಶವ ಸಿಕ್ಕಿತು. ಆ ವರ್ಷಗಳಲ್ಲಿ ನಮ್ಮ ಮನೆಯವರು ಬೆಟ್ಟಕ್ಕೆ ಬಸ್ಸಿನಲ್ಲೇ ಹೋಗಿ ಬಸ್ಸಿನಲ್ಲೇ ಬಂದೆವು. ಒಳದಾರಿಗಳಲ್ಲಿ ಹುಲ್ಲು ಬೆಳೆಯಿತು. 2004ರ ಅಕ್ಟೋಬರ್‌ನಲ್ಲಿ ಆ ಅಧ್ಯಾಯ ಮುಗಿದ ಮೇಲೆ ಒಬ್ಬೊಬ್ಬರಾಗಿ ಮತ್ತೆ ಚಪ್ಪಲಿ ಬಿಚ್ಚಿದರು. ಹಾದಿ ಎಷ್ಟು ಬೇಗ ಸಾಯುತ್ತದೆ, ಮತ್ತೆ ಬದುಕಲು ಎಷ್ಟು ಕಾಲುಗಳು ಬೇಕು ಎಂಬುದನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ.

ಫೆಬ್ರವರಿ 23ರ ಮುಂಜಾನೆ ನಾವು ಹದಿನೆಂಟು ಮಂದಿ ಹೊರಟೆವು. ಬಂಡಳ್ಳಿಯಿಂದ ಹನೂರಿಗೆ, ಹನೂರಿನಿಂದ ಎಲ್ಲೇಮಾಳದ ದಾರಿ. ಹನೂರು ದಾಟಿದ ಮೇಲೆ ಬೆಟ್ಟದವರೆಗೆ ರಸ್ತೆಯ ಲೆಕ್ಕದಲ್ಲಿ ಸುಮಾರು 55 ಕಿಲೋಮೀಟರು ಉಳಿಯುತ್ತದೆ. ಬಿಸಿಲು ಏರುವ ಮುನ್ನ ಎರಡು ಹರದಾರಿ, ಮಧ್ಯಾಹ್ನ ಹುಣಸೆಯ ನೆರಳಿನಲ್ಲಿ ವಿಶ್ರಾಂತಿ, ಇಳಿಹೊತ್ತಿನಲ್ಲಿ ಮತ್ತೆ ಹರದಾರಿ: ಇದು ನಮ್ಮ ಹಿರಿಯರು ಕಂಡುಕೊಂಡ ಲೆಕ್ಕ. ಎರಡನೆಯ ರಾತ್ರಿ ಕೌದಳ್ಳಿ ಸೇರಿದೆವು. ದಾರಿಯುದ್ದಕ್ಕೂ ಅರವಟ್ಟಿಗೆಗಳು. ಒಂದೆಡೆ ನೀರುಮಜ್ಜಿಗೆ, ಒಂದೆಡೆ ಬೆಲ್ಲದ ಪಾನಕ, ಒಂದೆಡೆ ಬಾಳೆಎಲೆಯ ಮೇಲೆ ಬಿಸಿ ಅನ್ನ, ಸಾರು. ಕೊಡುವವರ ಜಾತಿ ಯಾರೂ ಕೇಳುವುದಿಲ್ಲ, ಉಣ್ಣುವವರ ಜಾತಿಯನ್ನೂ ಕೇಳುವುದಿಲ್ಲ. ದಾಸೋಹವೆಂಬ ಪದದ ಮೇಲೆ ನಾನು ಹಲವು ಉಪನ್ಯಾಸ ಮಾಡಿದ್ದೇನೆ. ಎಲ್ಲೇಮಾಳದ ಬಳಿ ಒಬ್ಬ ತಾಯಿ ತನ್ನ ಕೂಲಿಯ ಹಣದಲ್ಲಿ ಒಂದು ಕೊಡ ಪಾನಕ ಮಾಡಿಟ್ಟುಕೊಂಡು, ಅದು ಮುಗಿಯುವವರೆಗೆ ಬಿಸಿಲಿನಲ್ಲಿ ನಿಂತಿದ್ದನ್ನು ಕಂಡಾಗ, ಆ ಉಪನ್ಯಾಸಗಳೆಲ್ಲ ಅವಳ ಒಂದು ಲೋಟದಷ್ಟೂ ತೂಗವು ಎನ್ನಿಸಿತು.

ಮೂರನೆಯ ದಿನ ವಡಕೆಹಳ್ಳ ದಾಟಿ ನಡುಹಗಲಿಗೆ ತಾಳುಬೆಟ್ಟಕ್ಕೆ ಬಂದೆವು. ತಾಳು ಎಂದರೆ ಬುಡ. ಬೆಟ್ಟದ ಬುಡವೇ ತಾಳುಬೆಟ್ಟ. ಇಲ್ಲಿ ಕಾಯಿ ಒಡೆದು, ಕರ್ಪೂರ ಹಚ್ಚಿ, ಉಘೇ ಎಂದು ಕೂಗಿ ಏರಲಾರಂಭಿಸುವುದು ರೂಢಿ. ರಸ್ತೆಯಲ್ಲಿ ಹೋದರೆ ಇಲ್ಲಿಂದ ದೇವಸ್ಥಾನಕ್ಕೆ 18 ಕಿಲೋಮೀಟರು. ಕಾಲುದಾರಿ ಆ ತಿರುವುಗಳನ್ನು ಕಡಿದು ನೇರವಾಗಿ ಏರುತ್ತದೆ. ನಾವು ಕಾಯಿ ಒಡೆಯುತ್ತಿದ್ದಾಗಲೇ ಹುಡುಗ ಬಂದ. ಬೆಳಗ್ಗೆ ಆರೂವರೆಗೆ ಬಂಡಳ್ಳಿ ಬಿಟ್ಟವನು ನಾವು ಮೂರು ದಿನದಲ್ಲಿ ನಡೆದ ದಾರಿಯನ್ನು ಅರ್ಧ ದಿನದಲ್ಲಿ ಓಡಿ ಮುಗಿಸಿದ್ದ. ಮುಖ ಕೆಂಪೇರಿತ್ತು, ಉಸಿರು ಮಾತ್ರ ಹದದಲ್ಲಿತ್ತು. ಅರವಟ್ಟಿಗೆಯ ಹೆಣ್ಣುಮಗಳೊಬ್ಬಳು ಪಾನಕದ ಲೋಟ ಹಿಡಿದು ಎರಡು ಹೆಜ್ಜೆ ಮುಂದೆ ಬಂದಳು. ಅವನು ನಗುತ್ತ ಕೈಬೀಸಿ, "ನಿಂತರೆ ಕಾಲು ಹಿಡಿದುಬಿಡುತ್ತೆ ತಾತ, ಮೇಲೆ ಸಿಗ್ತೀನಿ" ಎಂದು ನನಗೆ ಹೇಳಿ ಏರಿಯೇ ಹೋದ. ಅವಳು ಲೋಟ ಹಿಡಿದುಕೊಂಡೇ ನಿಂತಿದ್ದಳು. ಅವಳ ಮುಖ ನೋಡಲಾರದೆ ಆ ಪಾನಕವನ್ನು ನಾನೇ ಕುಡಿದೆ. ಈ ಹುಡುಗನಿಗೆ ಹಾದಿ ಸಿಕ್ಕಿಲ್ಲ, ಬರಿಯ ದೂರ ಸಿಕ್ಕಿದೆ ಎಂದು ಮನಸ್ಸಿನಲ್ಲೇ ತೀರ್ಪು ಬರೆದೆ.

ಏರು ಆರಂಭವಾದರೆ ಮಾತು ತಾನಾಗಿಯೇ ಕಡಿಮೆಯಾಗುತ್ತದೆ. ಫೆಬ್ರವರಿಯ ಕಾಡು ಎಲೆಯುದುರಿಸಿ ನಿಂತಿರುತ್ತದೆ. ಬಿದಿರು, ದಿಂಡಿಗ, ಬೇಲ, ನೆಲ್ಲಿ. ನೆಲ ಕಾಣದಂತೆ ಹಬ್ಬಿದ ಲಂಟಾನದ ಪೊದೆ. ಇದು ದೇವರ ಕಾಡು ಮಾತ್ರವಲ್ಲ, 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಸುಮಾರು 906 ಚದರ ಕಿಲೋಮೀಟರಿನ ನಾಡು. ಒಂದು ಕಡೆ ಕಾವೇರಿ ವನ್ಯಜೀವಿಧಾಮ, ಇನ್ನೊಂದು ಕಡೆ ಯಳಂದೂರಿನ ಬಿಳಿಗಿರಿರಂಗನ ಕಾಡು. ಇವುಗಳ ನಡುವೆ ಆನೆಗಳು ಹೋಗಿಬರುವ ಹಾದಿಗಳಿವೆ. ಬಿಳಿಗಿರಿಯ ಕಾಡಿಗೂ ಮಾದಪ್ಪನ ಕಾಡಿಗೂ ಮಧ್ಯೆ ಎಡೆಯಾರಹಳ್ಳಿ–ದೊಡ್ಡಸಂಪಿಗೆಯ ಇಕ್ಕಟ್ಟಾದ ಆನೆದಾರಿಯನ್ನು ಉಳಿಸಲು ವನ್ಯಜೀವಿ ಸಂಸ್ಥೆಯೊಂದು ರೈತರಿಂದ ಸುಮಾರು 25 ಎಕರೆ ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಆನೆಗೂ ದಾರಿ ಬೇಕು; ಅದರ ದಾರಿಗೆ ಅರವಟ್ಟಿಗೆ ಇಡುವುದೆಂದರೆ ಅಡ್ಡ ನಿಲ್ಲದಿರುವುದು. ನಾವು ನಡೆದ ನಾಲ್ಕು ತಿಂಗಳಿಗೆ, 2025ರ ಜೂನ್‌ನಲ್ಲಿ, ಇದೇ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ವಿಷವಿಕ್ಕಿದ ಹಸುವಿನ ಮಾಂಸ ತಿಂದು ಸತ್ತವು. ಮಾದಪ್ಪನ ವಾಹನವೆಂದು ಹುಲಿಗೆ ಕೈಮುಗಿಯುವ ನಾಡಿನಲ್ಲಿ ಹೀಗಾಯಿತು. ಆ ಸುದ್ದಿ ಓದಿದ ದಿನ ನಾನು ಪೂಜೆಗೆ ಕುಳಿತು ಬಹಳ ಹೊತ್ತು ಏನನ್ನೂ ಹೇಳಲಾರದೆ ಹೋದೆ.

ಅರ್ಧಕ್ಕಿಂತ ಹೆಚ್ಚು ಏರಿದ್ದೆವು. ನನ್ನ ಬಲಮಂಡಿ ನೋಯತೊಡಗಿತ್ತು. ಸುಮಾರು ನಾಲ್ಕು ಗಂಟೆಗೆ ಹುಡುಗ ಮೇಲಿನಿಂದ ಇಳಿದು ಬಂದ. ಬೆಟ್ಟ ತಲುಪಿ, ಸ್ನಾನ ಮಾಡಿ, ನಮ್ಮನ್ನು ಕಾಣದೆ ಹುಡುಕಿಕೊಂಡು ಬಂದಿದ್ದ. ನನ್ನ ಚೀಲ ತೆಗೆದುಕೊಂಡ. ಆಗಲೇ ನಮ್ಮ ತಂಡದ ಹಿರಿಯ ತಾಯಿಯೊಬ್ಬರು ಎದೆ ಮುಟ್ಟಿಕೊಂಡು ನಿಂತುಬಿಟ್ಟರು. ಅವರ ಶಿವದಾರ ಹಿಂದಿನ ರಾತ್ರಿ ಜೀರ್ಣವಾಗಿ ಹರಿದಿತ್ತು. ಹೊಸ ದಾರ ಬೆಟ್ಟದಲ್ಲಿ ಹಾಕಿಸಿದರಾಯಿತೆಂದು ಬೆಳಗಿನ ಪೂಜೆ ಮುಗಿಸಿ ಕರಡಿಗೆಯನ್ನು ಮಡಿಬಟ್ಟೆಯಲ್ಲಿ ಸುತ್ತಿ ಚಿಕ್ಕ ಕೈಚೀಲದಲ್ಲಿಟ್ಟು ಎದೆಗೆ ಅವುಚಿಕೊಂಡು ಬರುತ್ತಿದ್ದರು. ಕೆಳಗೆ, ದಾರಿಯ ಬದಿಯ ಬಂಡೆಯ ಮೇಲೆ ದಣಿವಾರಿಸಿಕೊಂಡಾಗ ಆ ಚೀಲ ಅಲ್ಲಿಯೇ ಉಳಿದಿತ್ತು.

ಇಷ್ಟಲಿಂಗವು ಅಂಗದಿಂದ ಅಗಲುವುದೆಂದರೇನು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. ನಾನು ಶಾಸ್ತ್ರ ಬಲ್ಲವನೆಂಬ ಧೈರ್ಯದಿಂದ, "ಗಾಬರಿಯಾಗಬೇಡಿ ತಾಯಿ, ಸಿಗದಿದ್ದರೆ ಗುರುಗಳಲ್ಲಿ ಅರಿಕೆ ಮಾಡಿ ಮತ್ತೆ ಧಾರಣೆ ಮಾಡಿಸೋಣ" ಎಂದೆ. ಆ ತಾಯಿ ನನ್ನ ಮುಖ ನೋಡಿ ಹೇಳಿದರು: "ಲಿಂಗ ಬೇರೆ ಬಂದಾತು ಬುದ್ಧಿ. ನಲವತ್ತು ವರ್ಷ ನನ್ನ ಅಂಗೈ ನೋಡಿರೋದು ಅದೊಂದೇ." ಅನಂತರ ಅವರು ಮಾತನಾಡಲಿಲ್ಲ. ನೀರು ಕೊಟ್ಟರೆ ತಲೆಯಾಡಿಸಿದರು. ಲಿಂಗ ಕೈಸೇರುವವರೆಗೆ ಹನಿ ನೀರೂ ಮುಟ್ಟುವುದಿಲ್ಲವೆಂಬುದು ಸ್ಪಷ್ಟವಾಗಿತ್ತು. ಮೂರು ದಿನದ ಬಿಸಿಲು ಕಂಡ ಅರವತ್ತೆಂಟರ ದೇಹ. ಫೋನುಗಳಿಗೆ ಅಲ್ಲಿ ಸದ್ದಿರಲಿಲ್ಲ. ಕಾವಲಿನ ಅರಣ್ಯ ನೌಕರರು, ಕತ್ತಲಾಗುವ ಮುನ್ನ ಎಲ್ಲರೂ ಮೇಲೆ ಸೇರಬೇಕೆಂದು ಅವಸರಿಸುತ್ತಿದ್ದರು. ನಮ್ಮಲ್ಲಿ ಯಾರು ಇಳಿದು ಹತ್ತಿದರೂ ರಾತ್ರಿಯಾಗುತ್ತಿತ್ತು.

ಹುಡುಗ ಕೇಳಿದ್ದು ಒಂದೇ ಮಾತು: "ಅಜ್ಜಿ, ಬಂಡೆಯ ಹತ್ತಿರ ಏನು ಗುರುತು?" ಪಕ್ಕದಲ್ಲಿ ಸೀಳಿದ ಬೇಲದ ಮರವೆಂದು ಅವರು ಹೇಳಿದರು. ಅವನು ಚೀಲಗಳನ್ನು ನೆಲಕ್ಕಿಟ್ಟು ಓಡಿದ. ಕಲ್ಲಿನಿಂದ ಕಲ್ಲಿಗೆ, ಬೇರಿನಿಂದ ಬೇರಿಗೆ, ನೀರು ಇಳಿಯುವ ಹಾಗೆ ಇಳಿದ. ನನ್ನ ಜೀವಮಾನದಲ್ಲಿ ಮನುಷ್ಯನೊಬ್ಬ ಬೆಟ್ಟವನ್ನು ಹಾಗೆ ಇಳಿದದ್ದು ನೋಡಿರಲಿಲ್ಲ. ಎರಡು ತಿರುವಿನಲ್ಲಿ ಕಣ್ಮರೆಯಾದ. ಮಧ್ಯಾಹ್ನ ನಾನು ಬರೆದ ತೀರ್ಪು ನೆನಪಾಗಿ ನಾಚಿಕೆಯಾಯಿತು. ಮಾದಪ್ಪ ಓಡಿಹೋಗನೆಂದು ಹೇಳಿದ್ದೆ. ಹೊತ್ತು ಓಡುತ್ತದೆ ಎಂಬುದನ್ನು ಮರೆತಿದ್ದೆ.

ಅವನ ವೇಗಕ್ಕೆ ಅರ್ಧ ಗಂಟೆಯಲ್ಲಿ ಬರಬೇಕಿತ್ತು. ಬರಲಿಲ್ಲ. ಮುಕ್ಕಾಲು ಗಂಟೆಯಾಯಿತು, ಒಂದು ಗಂಟೆ ಮೀರಿತು. ಬಿಸಿಲು ಮರದ ತುದಿಗೆ ಏರಿತು. ನಮ್ಮಲ್ಲಿ ಒಬ್ಬರು ಕಾಲು ಉಳುಕಿತೋ ಎಂದರು, ಇನ್ನೊಬ್ಬರು ಆನೆಯ ಹೆಸರೆತ್ತಲು ಹೋಗಿ ತಡೆದರು. ಅಕ್ಕನಿಗೆ ಏನೆಂದು ಹೇಳಲಿ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಆಗ ಕೆಳಗಿನ ತಿರುವಿನಲ್ಲಿ ಅವನು ಕಾಣಿಸಿದ. ಓಡುತ್ತಿರಲಿಲ್ಲ. ಒಬ್ಬ ಮುದುಕರ ತೋಳು ಹಿಡಿದು, ಅವರ ಹೆಜ್ಜೆಗೆ ತನ್ನ ಹೆಜ್ಜೆ ಕೂಡಿಸಿ, ಹತ್ತು ಮೆಟ್ಟಿಲಿಗೊಮ್ಮೆ ನಿಲ್ಲುತ್ತ ಬರುತ್ತಿದ್ದ. ಕೈಚೀಲ ಮುದುಕರ ಎದೆಯ ಮೇಲಿತ್ತು.

ನಡೆದದ್ದು ಇಷ್ಟು. ಆ ಹಿರಿಯರು ಚನ್ನಪಟ್ಟಣದ ಕಡೆಯವರು, ಹೊಳೆ ದಾಟಿ ಬಂದವರು. ಬಂಡೆಯ ಮೇಲೆ ಚೀಲ ಕಂಡು, ಯಾರದೋ ಎಂದು ಕೂಗಿ ನೋಡಿ, ಅಲ್ಲಿಯೇ ಕುಳಿತುಬಿಟ್ಟಿದ್ದರು. ಬಿಚ್ಚಿ ನೋಡಿರಲಿಲ್ಲ. ಅವರ ತಂಡ ಮುಂದೆ ಹೋಗಿತ್ತು. "ಬಿಟ್ಟೋದೋರು ಹುಡುಕ್ಕೊಂಡು ಬಂದೇ ಬತ್ತಾರೆ. ನಾನೂ ಎದ್ದೋದ್ರೆ ಕೋತಿ ಎತ್ಕೊಂಡೋಯ್ತವೆ" ಎಂದರಂತೆ. ಒಂದೂವರೆ ಗಂಟೆಗೂ ಹೆಚ್ಚು ಕಾಲ ಕದಲದೆ ಕುಳಿತಿದ್ದರು. ಹುಡುಗ ಬಂದಾಗ ಚೀಲ ನೀಡಿ, "ನೀ ಓಡು ಮಗ, ಆಯಮ್ಮ ಕಾಯ್ತಾ ಇರ್ತದೆ, ನಾ ನಿಧಾನಕ್ಕೆ ಬತ್ತೀನಿ" ಎಂದಿದ್ದಾರೆ. ಸಂಜೆಯ ಕಾಡಿನಲ್ಲಿ ಅವರನ್ನು ಒಂಟಿಯಾಗಿ ಬಿಡಲು ಇವನ ಮನಸ್ಸು ಒಪ್ಪಲಿಲ್ಲ. ಮೇಲೆ ಒಬ್ಬರು ನೀರಿಲ್ಲದೆ ಕಾಯುತ್ತಿದ್ದಾರೆ, ಕೆಳಗೆ ಒಬ್ಬರು ಜೊತೆಯಿಲ್ಲದೆ ಇದ್ದಾರೆ. ಎರಡನ್ನೂ ತೂಗಿ ನೋಡಿ ಅವನು ನಡೆಯಲು ತೀರ್ಮಾನಿಸಿದ. "ತಪ್ಪಾಯ್ತಾ ತಾತ?" ಎಂದು ಆಮೇಲೆ ನನ್ನನ್ನು ಕೇಳಿದ. ಮಠದಲ್ಲಿ ಹನ್ನೆರಡು ವರ್ಷ ಓದಿದವನು ನಾನು. ಆ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿರಲಿಲ್ಲ. ಓಡಿ ಹೋದವನು ನಡೆದು ಬಂದಿದ್ದ.

ಆ ತಾಯಿ ಕೈತೊಳೆದು, ವಿಭೂತಿ ಧರಿಸಿ, ದಾರಿಯ ಬದಿಯಲ್ಲೇ ಕುಳಿತು ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಅವಸರಿಸುತ್ತಿದ್ದ ಅರಣ್ಯ ನೌಕರನು "ಆಗಲಿ, ಆಗಲಿ" ಎಂದು ಪಕ್ಕಕ್ಕೆ ಸರಿದು ನಿಂತ. ಅವರು ಕಣ್ಣು ತೆರೆದು ನೀರು ಕುಡಿದ ಮೇಲೆ ನಾವೆಲ್ಲ ಕುಡಿದೆವು. ಕತ್ತಲಾಗುವ ಹೊತ್ತಿಗೆ ಬೆಟ್ಟದ ದೀಪಗಳು ಕಂಡವು. 2023ರಲ್ಲಿ ಅನಾವರಣಗೊಂಡ 108 ಅಡಿಯ ಹುಲಿವಾಹನ ಮಾದಪ್ಪನ ಮೂರ್ತಿ ದೂರದಿಂದಲೇ ಕಾಣಿಸಿತು. ಚನ್ನಪಟ್ಟಣದ ಹಿರಿಯರ ತಂಡ ಅಂತರಗಂಗೆಯ ಬಳಿ ಅವರಿಗಾಗಿ ಹುಡುಕಾಡುತ್ತಿತ್ತು. ಅವರು ಹೋಗುವಾಗ ಹೆಸರನ್ನೂ ಹೇಳಲಿಲ್ಲ. ನಾವೂ ಗಡಿಬಿಡಿಯಲ್ಲಿ ಕೇಳಲಿಲ್ಲ.

ಮರುದಿನ ರಾತ್ರಿ ಜಾಗರಣೆಯಲ್ಲಿ ಕುಳಿತಾಗ ಹುಡುಗ ಹೇಳಿದ: "ತಾತ, ಇಳಿದು ಹೋಗುವಾಗ ತಾಳುಬೆಟ್ಟದಲ್ಲಿ ಆ ಅಕ್ಕನ ಹತ್ತಿರ ಪಾನಕ ಕುಡಿಯಬೇಕು." ನಾನು ಅದರ ಬಗ್ಗೆ ಅವನಿಗೆ ಒಂದು ಮಾತೂ ಆಡಿರಲಿಲ್ಲ. ಹಬ್ಬ ಮುಗಿದು ಇಳಿದಾಗ ಅರವಟ್ಟಿಗೆಯ ಚಪ್ಪರ ಬಿಚ್ಚಿಯಾಗಿತ್ತು. ಅವನು ಆ ಖಾಲಿ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತ. ಸುತ್ತ ಬಿದ್ದಿದ್ದ ಪ್ಲಾಸ್ಟಿಕ್ ಲೋಟಗಳನ್ನು ಆಯ್ದು ಒಂದು ಗೋಣಿಗೆ ತುಂಬಿದ. ಅವು ಓಟಗಾರರು ಎಸೆದವಲ್ಲ, ನಾವು ಭಕ್ತರು ಎಸೆದವು.

ಈ ಹಾದಿಯಲ್ಲಿ ಬರಬೇಕೆನ್ನುವ ಮನೆಗಳ ಮಕ್ಕಳಿಗೆ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಓಡುವುದಾದರೆ ಓಡಿ, ದೇಹವೂ ದೇಗುಲವೇ ಎಂದು ತಿಳಿದ ಪರಂಪರೆ ನಮ್ಮದು, ಅದನ್ನು ಗಟ್ಟಿಯಾಗಿಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಇದು ಪ್ರಾಣಿಗಳ ಮನೆ. ಯಾವ ವರ್ಷ, ಯಾವ ದಿನ, ಯಾವ ದಾರಿ ತೆರೆದಿರುತ್ತದೆಂಬುದನ್ನು ಅರಣ್ಯ ಇಲಾಖೆಯಿಂದಲೂ ಕ್ಷೇತ್ರದ ಪ್ರಾಧಿಕಾರದಿಂದಲೂ ತಿಳಿದೇ ಹೊರಡಬೇಕು. ಒಪ್ಪಿಗೆಯಿಲ್ಲದೆ ವನ್ಯಜೀವಿಧಾಮ ಹೊಕ್ಕರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ನಾಗಮಲೆಯ ಕಾಡುದಾರಿಗೂ ಇದೇ ಮಾತು. ಮುಂಜಾನೆಯ ಮಬ್ಬಿನಲ್ಲಿಯೂ ಸಂಜೆಯ ಮೇಲೆಯೂ ಕಾಡಿನಲ್ಲಿರಬಾರದು. ಒಂಟಿಯಾಗಿ ಎಂದಿಗೂ ಹೋಗಬಾರದು. ಬೀಡಿ, ಬೆಂಕಿ ಬೇಡ. ಫೆಬ್ರವರಿಯ ತರಗೆಲೆಗೆ ಒಂದು ಕಿಡಿ ಸಾಕು. ಕುಡಿದ ಲೋಟ ನಿಮ್ಮ ಚೀಲದಲ್ಲೇ ಇರಲಿ. ಯಾರಾದರೂ ಪಾನಕ ಹಿಡಿದು ಎರಡು ಹೆಜ್ಜೆ ಮುಂದೆ ಬಂದರೆ, ಗಡಿಯಾರ ನಿಲ್ಲಿಸಿ ಒಂದು ಗುಟುಕು ಕುಡಿಯಿರಿ.

ಊರಿಗೆ ಮರಳಿದ ಮೇಲೆ ವೈದ್ಯರು ನನ್ನ ಮಂಡಿ ನೋಡಿ, ಇನ್ನು ಬೆಟ್ಟ ಹತ್ತುವ ಮಾತು ಬೇಡವೆಂದರು. 1968ರಲ್ಲಿ ಅಜ್ಜನ ಬೆರಳು ಹಿಡಿದು ತೊಡಗಿದ ನಡಿಗೆ ಹೀಗೆ ಮುಗಿಯಿತು. ಮೊದಲು ದುಃಖವಾಯಿತು. ಆಮೇಲೆ ಸೀಳಿದ ಬೇಲದ ಮರದ ಬಳಿ, ಬಿಚ್ಚದ ಚೀಲವೊಂದನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತಿದ್ದ ಆ ಹಿರಿಯರು ನೆನಪಾದರು. ಹಾದಿಗೆ ನಡೆಯುವವರೂ ಬೇಕು, ಓಡುವವರೂ ಬೇಕು, ಕದಲದೆ ಕುಳಿತು ಕಾಯುವವರೂ ಬೇಕು. ಇನ್ನು ಮುಂದೆ ಶಿವರಾತ್ರಿಯ ಕಾಲದಲ್ಲಿ ಬಂಡಳ್ಳಿಯ ನಮ್ಮ ಜಗುಲಿಯಲ್ಲಿ ಒಂದು ಕೊಡ ಪಾನಕ, ಒಂದು ಚಾಪೆ, ಹೊಸ ಶಿವದಾರದ ಒಂದು ಉಂಡೆ ಇರುತ್ತವೆ. ಆ ಕಡೆ ಬಂದವರು ದಯಮಾಡಿ ಒಂದು ಕ್ಷಣ ಕುಳಿತು ಹೋಗಬೇಕು.